ಫೇರ್‌ಮೌಂಟ್ ಜಲಾಗಾರ: ಕಂಬ ಬಿಟ್ಟು ಸೆಕ್ಷನ್ ನೋಡಿ

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಕೂಲ್‌ಕಿಲ್ ನದಿಯ ದಂಡೆಯ ಮೇಲೆ, ಒಂದು ಕಾಲಕ್ಕೆ ಊರಿಗೆ ನೀರು ಒದಗಿಸುತ್ತಿದ್ದ ಫೇರ್‌ಮೌಂಟ್ ಜಲಾಗಾರವಿದೆ. ಚಿತ್ರ ನೋಡಿದವರೆಲ್ಲ ಮೆಚ್ಚುವುದು ಅದರ ಗ್ರೀಕ್ ಗುಡಿಯಂಥ ಮಂಟಪಗಳನ್ನು. ಹಳೆಯ ಕಟ್ಟಡಗಳ ಸಂರಕ್ಷಣೆಯೇ ನನ್ನ ಕಸುಬು. ವಿದ್ಯಾರ್ಥಿಗಳಿಗೆ ನಾನು ಹೇಳುವುದು, ಕಂಬಗಳನ್ನು ಸದ್ಯಕ್ಕೆ ಬಿಡಿ, ಸೆಕ್ಷನ್ (ಕಟ್ಟಡವನ್ನು ಸೀಳಿದಂತೆ ತೋರಿಸುವ ನಕ್ಷೆ) ಬರೆಯಿರಿ ಎಂದು. ಕಟ್ಟಡವನ್ನು ನೆತ್ತಿಯಿಂದ ಬುಡದವರೆಗೆ ಸೀಳಿ ನೋಡಿದರೆ, ಜನ ಗಾಳಿ ಸೇವನೆಗೆ ಬರುವ ಆ ವಿಶಾಲ ಕಟ್ಟೆ ಒಂದು ಯಂತ್ರಶಾಲೆಯ ತಾರಸಿ ಎಂಬುದು ಗೊತ್ತಾಗುತ್ತದೆ.

ಶುರುವಾದದ್ದು ಹಬೆಯಿಂದ. 1815ರಲ್ಲಿ ಎಂಜಿನಿಯರ್ ಫ್ರೆಡರಿಕ್ ಗ್ರಾಫ್ ಕಟ್ಟಿದ ಎಂಜಿನ್ ಮನೆ ಹೊರಗಿನಿಂದ ಸಿರಿವಂತರ ಬಂಗಲೆಯಂತಿತ್ತು. ಒಳಗಿನ ಹಬೆಯಂತ್ರ ನದಿಯ ನೀರನ್ನು ಗುಡ್ಡದ ಮೇಲಿನ ಜಲಾಶಯಕ್ಕೆ ಏರಿಸುತ್ತಿತ್ತು. ಅಲ್ಲಿಂದ ಇಳಿಜಾರಿನಲ್ಲೇ ಊರಿಗೆ ಹರಿಯುತ್ತಿತ್ತು. ಆದರೆ ಸೌದೆಯ ಖರ್ಚು ವಿಪರೀತ. ಮೇಲಾಗಿ ಬಾಯ್ಲರ್ ಸಿಡಿದು ಕೆಲಸಗಾರರು ಸತ್ತರು.

ಗ್ರಾಫ್ ನದಿಯ ಬಲವನ್ನೇ ನೆಚ್ಚಿಕೊಂಡ. 1819ರಿಂದ 1822ರ ನಡುವೆ ನದಿಗೆ ಅಡ್ಡಕಟ್ಟೆ ಎದ್ದಿತು. ದಂಡೆಯಲ್ಲಿ ಬಂಡೆ ಕಡಿದು ಕಾಲುವೆ ತೆಗೆದರು. ಅಡ್ಡಕಟ್ಟೆಯ ಮೇಲ್ಗಡೆಯ ನೀರು ಕಾಲುವೆಗೆ ಬಂದು, ಚಕ್ರಮನೆಯೊಳಗೆ ಹಾದು, ಮರದ ಚಕ್ರಗಳನ್ನು ತಿರುಗಿಸಿ, ಆಚೆ ಬದಿಯಲ್ಲಿ ಕೆಳಗಿನ ನದಿಗೆ ಬೀಳುತ್ತಿತ್ತು. ಚಕ್ರ ತಿರುಗಿದಂತೆ ಪಂಪು ಇನ್ನೊಂದಿಷ್ಟು ನೀರನ್ನು ಗುಡ್ಡಕ್ಕೆ ತಳ್ಳುತ್ತಿತ್ತು. ಒಂದು ಮಗ್ಗುಲಲ್ಲಿ ಎತ್ತರದ ನೀರು, ಇನ್ನೊಂದು ಮಗ್ಗುಲಲ್ಲಿ ತಗ್ಗಿನ ನೀರು, ನಡುವೆ ಕಟ್ಟಡ. ಹೀಗಾಗಿ ಅದರ ಗೋಡೆಗಳು ಚಾವಣಿಯ ಭಾರದ ಜೊತೆಗೆ ನೀರಿನ ಒತ್ತಡವನ್ನೂ ಹೊರಬೇಕು. ನನ್ನ ಮಟ್ಟಿಗೆ ಇಲ್ಲಿನ ನಿಜವಾದ ವಾಸ್ತುಶಿಲ್ಪ ಇದೇ.

ಒಂದು ತೊಡಕಿತ್ತು. ಅಡ್ಡಕಟ್ಟೆಯ ಕೆಳಗೆ ಸಮುದ್ರದ ಉಬ್ಬರವಿಳಿತ ತಲುಪುತ್ತದೆ. ಉಬ್ಬರದ ಹೊತ್ತಿನಲ್ಲಿ ಕೆಳಗಿನ ನೀರು ಮೇಲೆದ್ದು ಚಕ್ರಗಳನ್ನು ತಡೆಯುತ್ತಿತ್ತು. ನೀರಿನಲ್ಲಿ ಮುಳುಗಿದ್ದರೂ ತಿರುಗಬಲ್ಲ ಜೊನ್ವಾಲ್ ಟರ್ಬೈನ್ 1851ರಲ್ಲಿ ಬಂದದ್ದು ಇದೇ ಕಾರಣಕ್ಕೆ. ಆಮೇಲೆ ಹಳೆಯ ಚಕ್ರಮನೆಗೂ ಟರ್ಬೈನ್ ಕೂರಿಸುವಾಗ ತಾರಸಿಯನ್ನು ಎತ್ತರಿಸಬೇಕಾಯಿತು. ಅದರ ನಡುವಿನ ದೊಡ್ಡ ಮಂಟಪ 1872ರದ್ದು.

ವಿಲಿಯಂ ರಷ್ 1825ರಲ್ಲಿ ಮರದಲ್ಲಿ ಕೆತ್ತಿದ ಎರಡು ಶಿಲ್ಪಗಳನ್ನು ಹತ್ತಿರದಿಂದ ನೋಡಬೇಕು. ಒಂದರಲ್ಲಿ ಗಡ್ಡದ ಮುದುಕನ ರೂಪದ ನದಿ ಸಂಕೋಲೆ ತೊಟ್ಟು ಒರಗಿದೆ. ಇನ್ನೊಂದರಲ್ಲಿ ಹೆಂಗಸೊಬ್ಬಳು ನೀರಿನ ಚಕ್ರದ ಪಕ್ಕ ಒರಗಿದ್ದಾಳೆ. ಪ್ರವೇಶದ್ವಾರಗಳ ಮೇಲೆ ಇಟ್ಟಿದ್ದರಿಂದ, ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಬಾಗಿಲಲ್ಲೇ ಹೇಳಿದಂತಾಗಿತ್ತು.

ನದಿಗೆ ಕೊಳೆ ಸೇರುತ್ತ ಹೋಗಿ 1909ರಲ್ಲಿ ಜಲಾಗಾರ ನಿಂತಿತು. ಬಳಿಕ ಅಲ್ಲಿ ಮತ್ಸ್ಯಾಲಯ ಬಂತು. ಜಲಾಶಯವಿದ್ದ ಗುಡ್ಡದ ಮೇಲೆ 1928ರಲ್ಲಿ ಕಲಾ ವಸ್ತುಸಂಗ್ರಹಾಲಯ ತೆರೆಯಿತು. ಮಂಟಪಗಳ ದುರಸ್ತಿ ಚೆನ್ನಾಗಿಯೇ ಆಗಿದೆ, ಸಂತೋಷ. ಆದರೆ ಕಾಲುವೆಯನ್ನು ಮಣ್ಣು ತುಂಬಿ ಮುಚ್ಚಿಬಿಟ್ಟಿದ್ದಾರೆ. ಗುಡ್ಡಕ್ಕೂ ಕಟ್ಟಡಕ್ಕೂ ನಡುವೆ ಎತ್ತರದ ನೀರು ನಿಂತಿರುತ್ತಿತ್ತು ಎಂಬ ಸುಳಿವೂ ಈಗ ಸಿಗದು. ಕಾಲುವೆಯ ಒಂದು ತುಂಡನ್ನಾದರೂ ಅಗೆದು ತೆರೆದಿಟ್ಟರೆ, ನೀರು ಯಾವ ಕಡೆಯಿಂದ ಒಳಗೆ ಬರುತ್ತಿತ್ತು ಎಂಬುದು ನೋಡುವವರಿಗೆ ಅಲ್ಲೇ ನಿಂತು ತಿಳಿದೀತು.