ಆಸ್ಪರ್ಜರ್ ಇರುವ ಮಗು: 'ಅದಕ್ಕೂ ಮೊದಲು ಏನಾಯಿತು?' ಖಾನೆಯನ್ನು ತುಂಬುವುದು ಹೇಗೆ

ಪೆನ್ಸಿಲ್ ಮೊನೆ ಮುರಿಯಿತು. ಮಗು ಮೇಜಿನ ಕೆಳಗೆ ತೂರಿಕೊಂಡು ಕಿರುಚತೊಡಗಿತು. ಮಗುವಿನ ವರ್ತನೆಯನ್ನು ಬರೆದಿಡುವ ವೀಕ್ಷಣಾ ಹಾಳೆಯ 'ಅದಕ್ಕೂ ಮೊದಲು ಏನಾಯಿತು?' ಎಂಬ ಖಾನೆಯಲ್ಲಿ ಹೆಚ್ಚಿನವರು 'ಪೆನ್ಸಿಲ್ ಮುರಿಯಿತು' ಎಂದು ಬರೆಯುತ್ತಾರೆ, ಕೆಲವರು 'ಕಾರಣವಿಲ್ಲದೆ' ಎಂದೇ ಬರೆದುಬಿಡುತ್ತಾರೆ. ಎರಡೂ ತಪ್ಪು. ಆ ಖಾನೆ ಸರಿಯಾಗಿ ತುಂಬಿದರೆ ಮುಂದೇನು ಮಾಡಬೇಕೆಂಬುದು ಬಹುಪಾಲು ತಾನಾಗಿಯೇ ಹೊಳೆಯುತ್ತದೆ. ಈ ಟಿಪ್ಪಣಿ ಅದಕ್ಕಾಗಿ. ಆಸ್ಪರ್ಜರ್ ಎಂದರೆ ಮಾತು ಚೆನ್ನಾಗಿರುವ ಮಕ್ಕಳಲ್ಲಿ ಕಾಣುವ ಆಟಿಸಂನ ಒಂದು ಬಗೆ.

ಮೊದಲು ಹೆಸರಿನ ವಿಷಯ ಮುಗಿಸೋಣ

ವಿಯೆನ್ನಾದ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಜರ್ 1944ರ ಪ್ರಬಂಧದಲ್ಲಿ ನಾಲ್ವರು ಹುಡುಗರನ್ನು ವಿವರಿಸಿದರು. ಅದಕ್ಕೂ ಸುಮಾರು ಎರಡು ದಶಕ ಮೊದಲೇ ಗ್ರುನ್ಯಾ ಸುಖಾರೆವಾ ಎಂಬ ಮನೋವೈದ್ಯೆ ಇಂಥದ್ದೇ ಆರು ಹುಡುಗರ ಬಗ್ಗೆ ಬರೆದಿದ್ದರು. ಆದರೆ ಹೆಸರು ಅಂಟಿಕೊಂಡದ್ದು ಆಸ್ಪರ್ಜರ್‌ಗೆ. 1981ರಲ್ಲಿ ಬ್ರಿಟಿಷ್ ಮನೋವೈದ್ಯೆ ಲೋರ್ನಾ ವಿಂಗ್ ಅದನ್ನು ಬಳಕೆಗೆ ತಂದರು, 1994ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಂ-4 ಪ್ರತ್ಯೇಕ ರೋಗನಿರ್ಣಯವಾಗಿ ಸೇರಿಸಿಕೊಂಡಿತು, 2013ರಲ್ಲಿ ಡಿಎಸ್‌ಎಂ-5 ಅದನ್ನು ಆಟಿಸಂ ಸ್ಪೆಕ್ಟ್ರಮ್ ಒಳಗೆ ಸೇರಿಸಿ ಹೆಸರನ್ನು ಕೈಬಿಟ್ಟಿತು. 2022ರ ಜನವರಿಯಿಂದ ಜಾರಿಯಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11 ಕೂಡ ಅದೇ ದಾರಿ ಹಿಡಿದಿದೆ. 2018ರಲ್ಲಿ ಇತಿಹಾಸಕಾರ ಹೆರ್ವಿಗ್ ಚೆಕ್ ಹೊರತಂದ ದಾಖಲೆಗಳ ಪ್ರಕಾರ, ನಾಜಿ ಆಡಳಿತ ಮಕ್ಕಳನ್ನು ಕೊಲ್ಲುತ್ತಿದ್ದ ಆಮ್ ಸ್ಪೀಗೆಲ್‌ಗ್ರುಂಡ್ ಎಂಬ ಕೇಂದ್ರಕ್ಕೆ ಆಸ್ಪರ್ಜರ್ ಮಕ್ಕಳನ್ನು ಕಳುಹಿಸಿದ್ದರು. ಹೀಗಾಗಿ ಹಲವರು ಈ ಹೆಸರನ್ನೇ ಬೇಡವೆನ್ನುತ್ತಾರೆ. ಹಳೆಯ ವರದಿಗಳಲ್ಲೂ ಮನೆಮಾತಿನಲ್ಲೂ ಅದು ಇನ್ನೂ ಇರುವುದರಿಂದ ಇಲ್ಲಿ ಉಳಿಸಿಕೊಂಡಿದ್ದೇವೆ. ಹೊಸ ವರದಿಯಲ್ಲಿ 'ಆಟಿಸಂ, ಲೆವೆಲ್ 1' (ಮೂರು ಹಂತಗಳಲ್ಲಿ ಕಡಿಮೆ ನೆರವು ಬೇಕಾಗುವ ಹಂತ) ಎಂದು ಕಂಡರೆ ಬಹುಮಟ್ಟಿಗೆ ಇದೇ ಎಂದುಕೊಳ್ಳಿ.

ಇದನ್ನು ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಹೇಳುವುದಿಲ್ಲ. ಎಳವೆಯಿಂದ ಬೆಳೆದುಬಂದ ಬಗೆ ಮತ್ತು ನೇರ ವೀಕ್ಷಣೆ, ಇವೆರಡರಿಂದಲೇ ತಜ್ಞರು ತೀರ್ಮಾನಕ್ಕೆ ಬರುತ್ತಾರೆ. ಡಿಎಸ್‌ಎಂ-5ರ ಪ್ರಕಾರ ಸಾಮಾಜಿಕ ಸಂವಹನದ ಮೂರೂ ಅಂಶಗಳಲ್ಲಿ, ಅಂದರೆ ಮಾತು-ಭಾವನೆಗಳ ಕೊಡುಕೊಳ್ಳುವಿಕೆ, ಮಾತಿಲ್ಲದ ಸನ್ನೆ, ಸಂಬಂಧ ಬೆಳೆಸುವುದು ಇವುಗಳಲ್ಲಿ ತೊಡಕಿರಬೇಕು. ಜೊತೆಗೆ ಪುನರಾವರ್ತನೆ, ಒಂದೇ ಕ್ರಮದ ಹಟ, ತೀವ್ರ ಆಸಕ್ತಿ, ಇಂದ್ರಿಯಗಳ ವ್ಯತ್ಯಾಸ ಎಂಬ ನಾಲ್ಕರಲ್ಲಿ ಕನಿಷ್ಠ ಎರಡಿರಬೇಕು. ಹೆತ್ತವರು ಬೆಳೆಸಿದ ರೀತಿಯಿಂದ ಇದು ಬರುವುದಿಲ್ಲ, ಲಸಿಕೆಯಿಂದಲೂ ಬರುವುದಿಲ್ಲ. ಲಸಿಕೆಯ ಅನುಮಾನ ಹುಟ್ಟಿಸಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ಮಾತು ಚೆನ್ನಾಗಿದೆ, ಅದೇ ತೊಡಕು

ಈ ಮಕ್ಕಳು ಸಾಮಾನ್ಯವಾಗಿ ಹೊತ್ತಿಗೆ ಸರಿಯಾಗಿ ಮಾತು ಕಲಿಯುತ್ತಾರೆ, ಪದಸಂಪತ್ತು ವಯಸ್ಸಿಗೆ ಮೀರಿರಬಹುದು. ಕೆಲವರು ಪಠ್ಯಪುಸ್ತಕದ ಕನ್ನಡವನ್ನೇ ಮನೆಯಲ್ಲೂ ಆಡುತ್ತಾರೆ. 'ಈಗ ಬೇಡ' ಎನ್ನಬೇಕಾದಲ್ಲಿ 'ನನಗೆ ಇದರ ಅವಶ್ಯಕತೆ ಇರುವುದಿಲ್ಲ' ಎನ್ನುತ್ತಾರೆ. ಇಷ್ಟು ಮಾತಾಡುವ ಮಗುವಿಗೆ ನಮ್ಮ ಮಾತು ಅರ್ಥವಾಗಿರಲೇಬೇಕು ಎಂದು ದೊಡ್ಡವರು ಅಂದುಕೊಳ್ಳುತ್ತಾರೆ. ಎಡವುವುದು ಇಲ್ಲೇ.

ತರಗತಿಯಲ್ಲಿ ಟೀಚರ್ ಕೇಳುತ್ತಾರೆ: "ಪುಸ್ತಕ ತೆಗೆಯೋಕೆ ಆಗುತ್ತಾ?" ಮಗು "ಆಗುತ್ತೆ ಮಿಸ್" ಎಂದು ಹೇಳಿ ಸುಮ್ಮನೆ ಕೂರುತ್ತದೆ. ಉದ್ಧಟತನ ಎಂದು ಬೈಗುಳ ಬೀಳುತ್ತದೆ. ಕೇಳಿದ ಪ್ರಶ್ನೆಗೆ ಮಗು ಪ್ರಾಮಾಣಿಕವಾಗಿ ಉತ್ತರಿಸಿದೆ, ಅದರೊಳಗೆ ಅಡಗಿದ್ದ ಅಪ್ಪಣೆ ಮಾತ್ರ ಕೇಳಿಸಿಲ್ಲ. 'ತಲೆ ತಿನ್ನಬೇಡ' ಎಂದರೆ ಗಾಬರಿ. 'ಒಂದು ನಿಮಿಷ ಇರು' ಎಂದು ಹೇಳಿ ಹತ್ತು ನಿಮಿಷ ಕಾಯಿಸಿದರೆ ಅದು ಸುಳ್ಳು. 'ಚೆನ್ನಾಗಿ ಓದಿಕೋ' ಎಂದರೆ ಯಾವ ಪುಟ, ಎಷ್ಟು ಸಲ, ಎಲ್ಲಿಯವರೆಗೆ?

ಸರಿಪಡಿಸುವುದು ಸುಲಭ, ಅಭ್ಯಾಸವಾಗುವುದು ಮಾತ್ರ ಕಷ್ಟ. ಮೊದಲು ಹೆಸರು ಹಿಡಿದು ಕರೆಯಿರಿ. 'ಎಲ್ಲರೂ ಬರೆಯಿರಿ' ಎಂದಾಗ ಆ 'ಎಲ್ಲರೂ' ಒಳಗೆ ತಾನೂ ಇದ್ದೇನೆಂದು ಮಗುವಿಗೆ ಹೊಳೆಯದೇ ಇರಬಹುದು. ಆಮೇಲೆ ಒಂದೇ ಸೂಚನೆ, ನೇರ ಕ್ರಿಯಾಪದದಲ್ಲಿ: "ಗಣಿತ ಪುಸ್ತಕ ತೆಗಿ. ಪುಟ 42." ಆಮೇಲೆ ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಾಲ್ಕಕ್ಕೆ ಬರುವಷ್ಟರಲ್ಲಿ ತಾಳ್ಮೆ ಕೆಟ್ಟು ಅದನ್ನೇ ಬೇರೆ ಪದಗಳಲ್ಲಿ ಹೇಳಿದಿರೋ, ಮಗುವಿನ ತಲೆಯಲ್ಲಿ ಅರ್ಧ ದಾರಿ ಬಂದಿದ್ದ ಮೊದಲ ವಾಕ್ಯ ಬಿದ್ದುಹೋಗಿ ಎರಡನೆಯದು ಮೊದಲಿಂದ ಶುರುವಾಗುತ್ತದೆ. ಮತ್ತೆ ಹೇಳಲೇಬೇಕಿದ್ದರೆ ಅದೇ ಪದಗಳಲ್ಲಿ, ಅದೇ ದನಿಯಲ್ಲಿ ಹೇಳಿ. 'ಓಡಬೇಡ' ಎನ್ನುವುದಕ್ಕಿಂತ 'ನಡೆದುಕೊಂಡು ಹೋಗು' ಒಳ್ಳೆಯದು, ಏಕೆಂದರೆ ಏನು ಮಾಡಬೇಕೆಂಬುದು ಆ ವಾಕ್ಯದಲ್ಲೇ ಇದೆ.

ಕಣ್ಣಿಗೆ ಕಣ್ಣಿಟ್ಟು ನೋಡು ಎಂಬ ಒತ್ತಾಯ ಬೇಡ. ಹಲವು ಮಕ್ಕಳಿಗೆ ನೋಡುವುದು ಮತ್ತು ಕೇಳಿಸಿಕೊಳ್ಳುವುದು ಒಟ್ಟಿಗೆ ಆಗುವುದಿಲ್ಲ. ಕಿಟಕಿಯ ಕಡೆ ತಿರುಗಿಕೊಂಡೇ ಮಗು ಇಡೀ ಪಾಠ ಹೇಳಿಬಿಡಬಲ್ಲದು.

'ಈ ಮಕ್ಕಳಿಗೆ ಸಹಾನುಭೂತಿ ಇಲ್ಲ' ಎಂಬ ಮಾತು ಹಳೆಯ ನೋಟ್ಸ್‌ಗಳಲ್ಲಿ ಸಿಗುತ್ತದೆ. ಹೊಡೆದುಹಾಕಿ. ಇನ್ನೊಬ್ಬರ ಮುಖಭಾವ ಓದುವುದು ಕಷ್ಟ, ನಿಜ. ಆದರೆ ಆ ಇನ್ನೊಬ್ಬರಿಗೂ ಆಟಿಸಂ ಇರುವವರ ಮನಸ್ಸು ಓದಲು ಬರುವುದಿಲ್ಲ. ಈ ಎರಡೂ ಬದಿಯ ತೊಡಕನ್ನು 2012ರಲ್ಲಿ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 'ಡಬಲ್ ಎಂಪಥಿ' (ಇಬ್ಬದಿಯ ಸಹಾನುಭೂತಿ) ಸಮಸ್ಯೆ ಎಂದು ಕರೆದರು.

ಇಂದ್ರಿಯಗಳು: ಐದಲ್ಲ, ಎಂಟು

ನೋಟ, ಸದ್ದು, ವಾಸನೆ, ರುಚಿ, ಸ್ಪರ್ಶ ಎಲ್ಲರಿಗೂ ಗೊತ್ತು. ಇನ್ನೂ ಮೂರನ್ನು ಸೇರಿಸಿಕೊಳ್ಳಿ: ದೇಹದ ಸಮತೋಲ, ಕೈಕಾಲು ಎಲ್ಲಿವೆ ಎಂಬ ಅರಿವು, ಒಡಲೊಳಗಿನ ಅರಿವು. ಕೊನೆಯದನ್ನೇ ನಾವು ಹೆಚ್ಚಾಗಿ ಮರೆಯುವುದು. ಹಸಿವು, ಬಾಯಾರಿಕೆ, ಮೂತ್ರದ ಒತ್ತಡ ಗೊತ್ತಾಗದ ಮಗು ಮಧ್ಯಾಹ್ನ ಮೂರಕ್ಕೆ ರೇಗಾಡುವುದು 'ಸ್ವಭಾವ' ಅಲ್ಲ, ಬೆಳಗಿನಿಂದ ನೀರು ಕುಡಿದಿರುವುದಿಲ್ಲ ಅಷ್ಟೆ. ಇಂಥ ಮಗುವಿಗೆ 'ಬಾಯಾರಿದಾಗ ಕುಡಿ' ಎನ್ನುವುದರಿಂದ ಪ್ರಯೋಜನವಿಲ್ಲ, ನೀರು ಕುಡಿಯುವುದನ್ನೂ ಶೌಚಕ್ಕೆ ಹೋಗುವುದನ್ನೂ ವೇಳಾಪಟ್ಟಿಯಲ್ಲೇ ಬರೆಯಬೇಕು.

ಒಂದೇ ಮಗುವಿನಲ್ಲಿ ಒಂದು ಇಂದ್ರಿಯ ಅತಿ ಚುರುಕು, ಇನ್ನೊಂದು ಮಂದ ಇರಬಹುದು. ಅಂಗಿಯ ಕತ್ತಿನ ಲೇಬಲ್ ಮುಳ್ಳಿನಂತೆ ಚುಚ್ಚುವ ಅದೇ ಮಗುವಿಗೆ ಮಂಡಿ ತರಚಿದ್ದು ಗೊತ್ತೇ ಆಗಿರುವುದಿಲ್ಲ. ಲೇಬಲ್ ಕತ್ತರಿಸಿ ಹಾಕಿ, ಮಿನುಗುವ ಟ್ಯೂಬ್‌ಲೈಟ್ ಬದಲಿಸಿ, ಸದ್ದು ಮಾಡುವ ಫ್ಯಾನಿನಿಂದ ದೂರ ಕೂರಿಸಿ. ಕಿವಿ ಮುಚ್ಚುವ ಹೆಡ್‌ಫೋನ್ ಒಳ್ಳೆಯದೇ, ಆದರೆ ಅದು ಗದ್ದಲದ ಹೊತ್ತಿಗೆ ಮಾತ್ರ. ದಿನವಿಡೀ ಹಾಕಿದರೆ ಕಿವಿ ಇನ್ನಷ್ಟು ಸೂಕ್ಷ್ಮವಾಗುವ ಸಾಧ್ಯತೆ ಇದೆ. ಕೈ ಅಲ್ಲಾಡಿಸುವುದು, ತೂಗಾಡುವುದು ಮಗು ತನ್ನನ್ನು ತಾನೇ ಸಮಾಧಾನಗೊಳಿಸಿಕೊಳ್ಳುವ ದಾರಿ. ಯಾರಿಗೂ ಪೆಟ್ಟಾಗದಿದ್ದರೆ ತಡೆಯಬೇಡಿ.

ಪೆನ್ಸಿಲ್‌ಗೆ ವಾಪಸ್

ಆ ದಿನದ ಪೂರ್ತಿ ಪಟ್ಟಿ ಹೀಗಿತ್ತು ಎಂದುಕೊಳ್ಳಿ. ರಾತ್ರಿ ನಿದ್ದೆ ಐದು ಗಂಟೆ. ಬೆಳಿಗ್ಗೆ ಬೇರೆ ಟೀಚರ್ ಬಂದಿದ್ದರು. ಕೂರುವ ಜಾಗ ಬದಲಾಗಿತ್ತು, ಪಕ್ಕದ ಕೋಣೆಯಲ್ಲಿ ಡ್ರಿಲ್ಲಿಂಗ್ ನಡೆದಿತ್ತು, ಊಟದ ಡಬ್ಬಿ ಹಾಗೇ ಉಳಿದಿತ್ತು. 2:40ಕ್ಕೆ ಪೆನ್ಸಿಲ್ ಮುರಿಯಿತು. ಕೊಡ ಬೆಳಗಿನಿಂದಲೇ ತುಂಬುತ್ತಿತ್ತು, ಪೆನ್ಸಿಲ್ ಕೊನೆಯ ಹನಿ. ಹೊಸ ಪೆನ್ಸಿಲ್ ಕೊಟ್ಟರೂ ಕಿರುಚಾಟ ನಿಲ್ಲಲಿಲ್ಲ. ಹಟ ಮತ್ತು ಮೆಲ್ಟ್‌ಡೌನ್ ನಡುವಿನ ಗುರುತು ಇದೇ. ಹಟಕ್ಕೆ ಒಂದು ಗುರಿ ಇರುತ್ತದೆ. ಮಗು ನಡುನಡುವೆ ನಮ್ಮ ಮುಖ ನೋಡುತ್ತದೆ, ಬೇಕಾದ್ದು ಸಿಕ್ಕರೆ ನಿಲ್ಲಿಸುತ್ತದೆ. ಮೆಲ್ಟ್‌ಡೌನಿಗೆ ಗುರಿ ಇಲ್ಲ, ಪ್ರೇಕ್ಷಕರು ಬೇಕಿಲ್ಲ, ನಿಲ್ಲಿಸುವುದು ಮಗುವಿನ ಕೈಯಲ್ಲೂ ಇಲ್ಲ. ಕೆಲವು ಮಕ್ಕಳು ಕಿರುಚುವುದರ ಬದಲು ಕಲ್ಲಿನಂತೆ ಕೂತುಬಿಡುತ್ತಾರೆ. ಅದು ಶಟ್‌ಡೌನ್. ಸದ್ದಿಲ್ಲದ ಕಾರಣ ಅದನ್ನು ಯಾರೂ ದಾಖಲಿಸುವುದಿಲ್ಲ.

ಹಾಗಾಗಿ ಹಾಳೆಯಲ್ಲಿ ಮಾಮೂಲಿನ ಮೂರು ಖಾನೆಗಳ ಜೊತೆ, ಅಂದರೆ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ನಾವೇನು ಮಾಡಿದೆವು ಎಂಬುದರ ಜೊತೆ, 'ಆ ದಿನ ಬೆಳಗಿನಿಂದ' ಎಂಬ ನಾಲ್ಕನೆಯದನ್ನು ಸೇರಿಸಿ. ನಿದ್ದೆ, ಊಟ, ಸದ್ದು, ಬದಲಾವಣೆ, ಹೊಸಬರು ಎಲ್ಲ ಅಲ್ಲಿ ಬರಲಿ. ಎರಡು ವಾರ ಬರೆಯಿರಿ. 'ಕೋಪಗೊಂಡ' ಎಂದು ಬರೆಯಬೇಡಿ, ಅದು ನಿಮ್ಮ ಊಹೆ. 'ಪುಸ್ತಕ ನೆಲಕ್ಕೆಸೆದ, ಕಿವಿ ಮುಚ್ಚಿಕೊಂಡ, 6 ನಿಮಿಷ' ಎಂದು ಬರೆಯಿರಿ.

ಮೆಲ್ಟ್‌ಡೌನ್ ನಡೆಯುವಾಗ ಮಾಡಬೇಕಾದ್ದು ಕಡಿಮೆ, ಮಾಡಬಾರದ್ದೇ ಜಾಸ್ತಿ. ಬೇರೆ ಮಕ್ಕಳನ್ನು ಹೊರಗೆ ಕಳಿಸುವುದು ಮಗುವನ್ನು ಎಳೆದೊಯ್ಯುವುದಕ್ಕಿಂತ ಸುಲಭ. ದೀಪ ಆರಿಸಿ, ಚೂಪಾದದ್ದನ್ನು ತೆಗೆದಿಡಿ, ಒಂದೆರಡು ಮಾರು ದೂರದಲ್ಲಿ ಪಕ್ಕಕ್ಕೆ ಕೂರಿ, ಎದುರಿಗೆ ಬೇಡ. 'ಯಾಕೆ ಹೀಗೆ ಮಾಡ್ತಿದ್ದೀಯ?' ಎಂದು ಕೇಳಬೇಡಿ. ಬುದ್ಧಿವಾದ, ಎಣಿಕೆ, ಬೆದರಿಕೆ, ಅಪ್ಪಿಕೊಳ್ಳುವುದು, ಒಂದೂ ಬೇಡ. ಅಪ್ಪುಗೆ ಬೇಕೆಂದು ಮಗುವೇ ಮೊದಲು ಹೇಳಿದ್ದರೆ ಅದು ಬೇರೆ ಮಾತು. 'ನಾನಿದ್ದೀನಿ' ಎಂದರೆ ಸಾಕು. ಮುಗಿದ ಮೇಲೆ ಮಗು ಸುಸ್ತಾಗಿರುತ್ತದೆ, ಏನಾಯಿತೆಂಬುದೇ ನೆನಪಿಲ್ಲದೆ ಇರಬಹುದು. ವಿಚಾರಣೆ ಅವತ್ತಿಗೆ ಬೇಡ. ನೀರು, ಮೂಲೆ, ಮೌನ ಕೊಡಿ.

ನಿಜವಾದ ಕೆಲಸ ಇರುವುದು ಅದಕ್ಕೂ ಮೊದಲಿನ ಹಂತದಲ್ಲಿ. ದನಿ ಏರುವುದು, ಒಂದೇ ಪ್ರಶ್ನೆ ಐದಾರು ಸಲ ಕೇಳುವುದು, ಉಗುರು ಕೀಳುವುದು, ಅತ್ತಿಂದಿತ್ತ ಓಡಾಡುವುದು. ಪ್ರತಿ ಮಗುವಿಗೂ ಎರಡು ಮೂರು ಖಾಸಾ ಸೂಚನೆಗಳಿರುತ್ತವೆ, ಎರಡು ವಾರದ ಹಾಳೆಯಲ್ಲಿ ಅವು ಎದ್ದು ಕಾಣುತ್ತವೆ. ಆಗ ಒಂದು ಕಾರ್ಡ್ ತೋರಿಸಿ ಹೊರಗೆ ಹೋಗುವ ಅನುಮತಿ ಇರಲಿ. ಕಾರ್ಡ್ ಬಳಸುವುದನ್ನು ಶಾಂತವಾಗಿರುವಾಗ ದಿನಕ್ಕೊಮ್ಮೆ ಅಭ್ಯಾಸ ಮಾಡಿಸಬೇಕು. ಕಾರ್ಡ್ ಕೊಟ್ಟು ಅಭ್ಯಾಸ ಮಾಡಿಸದೆ 'ಅದು ಕೆಲಸ ಮಾಡಲಿಲ್ಲ' ಎನ್ನುವುದು ಮಾಮೂಲಿ ದೂರು.

ಮುಂದೇನು ಎಂಬುದು ಕಾಣುವಂತಿರಲಿ

ಆಡಿದ ಮಾತು ಗಾಳಿಯಲ್ಲಿ ಹೋಗುತ್ತದೆ, ಬರೆದದ್ದು ಅಲ್ಲೇ ಇರುತ್ತದೆ. ದಿನದ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಬರೆದು, ಮುಗಿದದ್ದನ್ನು ಮಗುವೇ ಹೊಡೆದುಹಾಕಲಿ. ಪಟ್ಟಿ ಬದಲಾಗುವುದೇ ಇಲ್ಲ ಎಂಬ ನಂಬಿಕೆ ಬೇರೂರದಂತೆ, ಮೊದಲ ವಾರದ ನಂತರ ಒಂದು ಖಾನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಡಿ. ಆರಂಭದಲ್ಲಿ ಅಲ್ಲಿ ಬರುವುದು ಮಗುವಿಗೆ ಇಷ್ಟವಾದದ್ದೇ ಆಗಿರಲಿ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವ ಮುನ್ನ 'ಇನ್ನು ಐದು ನಿಮಿಷ' ಎಂಬ ಎಚ್ಚರಿಕೆ ಎಲ್ಲರಿಗೂ ಹೊಂದುವುದಿಲ್ಲ, ಕೆಲವರಿಗೆ ಗಡಿಯಾರವೇ ಆತಂಕ. ಅವರಿಗೆ 'ಇನ್ನು ಎರಡು ಲೆಕ್ಕ, ಆಮೇಲೆ ಆಟ' ಎಂದು ಹೇಳಿ.

ಹೊಸ ಸಂದರ್ಭಗಳಿಗೆ ಸೋಶಿಯಲ್ ಸ್ಟೋರಿ, ಅಂದರೆ ಏನಾಗಲಿದೆ ಎಂದು ಮಗುವಿಗೆ ಮೊದಲೇ ತಿಳಿಸುವ ಪುಟ್ಟ ಕಥೆ, ಬರೆಯುವ ಕ್ರಮವನ್ನು ಅಮೆರಿಕದ ಶಿಕ್ಷಕಿ ಕ್ಯಾರಲ್ ಗ್ರೇ 1991ರಲ್ಲಿ ರೂಪಿಸಿದರು. ಬೆಂಕಿ ಅಣಕು ಕವಾಯತಿಗೆ ಒಂದು ಮಾದರಿ: 'ಶಾಲೆಯಲ್ಲಿ ಕೆಲವೊಮ್ಮೆ ದೊಡ್ಡ ಗಂಟೆ ಬಾರಿಸುತ್ತದೆ. ಸಾಮಾನ್ಯವಾಗಿ ಆಗ ಬೆಂಕಿ ಇರುವುದಿಲ್ಲ, ಹೊರಗೆ ಹೋಗುವುದನ್ನು ಎಲ್ಲರೂ ಅಭ್ಯಾಸ ಮಾಡುತ್ತಾರೆ. ಆ ಸದ್ದು ಹಲವರಿಗೆ ಇಷ್ಟವಾಗುವುದಿಲ್ಲ. ನಾನು ಕಿವಿ ಮುಚ್ಚಿಕೊಂಡು ಸಾಲಿನಲ್ಲಿ ನಡೆಯಬಹುದು. ಆಮೇಲೆ ನಾವು ತರಗತಿಗೆ ವಾಪಸ್ ಬರುತ್ತೇವೆ.' ಗಮನಿಸಿ: ಏನು ಮಾಡಬೇಕೆಂದು ಹೇಳುವ ವಾಕ್ಯ ಒಂದೇ, ಉಳಿದವೆಲ್ಲ ವಿವರಣೆ. ಈ ಪ್ರಮಾಣ ತಲೆಕೆಳಗಾದರೆ ಅದು ಕಥೆಯಾಗಿ ಉಳಿಯುವುದಿಲ್ಲ, ಆಜ್ಞೆಗಳ ಪಟ್ಟಿಯಾಗುತ್ತದೆ. 'ಸಾಮಾನ್ಯವಾಗಿ' ಎಂಬ ಪದ ಬಿಟ್ಟರೆ, ನಿಜವಾಗಿ ಬೆಂಕಿ ಬಿದ್ದ ದಿನ ನೀವು ಸುಳ್ಳು ಹೇಳಿದಂತಾಗುತ್ತದೆ. ಮಗು ಈಗಾಗಲೇ ಚೆನ್ನಾಗಿ ಮಾಡುವ ಕೆಲಸಗಳ ಬಗ್ಗೆಯೂ ಕಥೆ ಬರೆಯಿರಿ. ಇಲ್ಲದಿದ್ದರೆ ಕಾಗದ ಕಂಡ ಕೂಡಲೇ 'ನಾನೇನು ತಪ್ಪು ಮಾಡಿದೆ?' ಎನ್ನುತ್ತದೆ.

ಶಾಲೆಯಲ್ಲಿ

ಪಾಠದ ಹೊತ್ತಿಗಿಂತ ಬಿಡುವಿನ ಹೊತ್ತು ಕಷ್ಟ. ಅಲ್ಲಿ ನಿಯಮವಿಲ್ಲ, ಗದ್ದಲವಿದೆ, ಕೀಟಲೆ ಮಾಡುವವರಿದ್ದಾರೆ. ಲೈಬ್ರರಿಯೋ ಚೆಸ್ ಮೂಲೆಯೋ, ಒಂದು ನಿಗದಿತ ಜಾಗ ಇರಲಿ. 'ಯಾರಾದರೂ ತೊಂದರೆ ಕೊಟ್ಟರೆ ಹೇಳು' ಎಂದರೆ ಸಾಲದು, ತನಗಾಗುತ್ತಿರುವುದು ತೊಂದರೆ ಎಂದೇ ಮಗುವಿಗೆ ಗೊತ್ತಾಗದಿರಬಹುದು. ಬೋರ್ಡ್‌ನಿಂದ ನಕಲು ಮಾಡಿಕೊಳ್ಳುವುದು ಹಲವರಿಗೆ ಕೈನೋವಿನ ಕೆಲಸ, ಮುದ್ರಿತ ಹಾಳೆ ಕೊಡಿ. ಪರೀಕ್ಷೆಯಲ್ಲಿ 'ವಿವರಿಸಿ' ಎಂಬುದರ ಪಕ್ಕ 'ಐದು ವಾಕ್ಯಗಳಲ್ಲಿ' ಎಂದು ಸೇರಿಸಿದರೆ, ಖಾಲಿ ಬಿಡುತ್ತಿದ್ದ ಮಗು ಬರೆಯುತ್ತದೆ.

ರೈಲು, ನಕ್ಷೆ, ಗ್ರಹಗಳು, ಹೀಗೆ ಏನಾದರೊಂದು ತೀವ್ರ ಆಸಕ್ತಿ ಇರುತ್ತದೆ. ಶಿಕ್ಷೆಯಾಗಿ ಅದನ್ನು ಕಿತ್ತುಕೊಳ್ಳಬೇಡಿ. ಮಗು ಸಮಾಧಾನ ಕಂಡುಕೊಳ್ಳುವುದೂ ಅಲ್ಲೇ, ಗೆಳೆಯರು ಸಿಗುವುದೂ ಅಲ್ಲೇ.

ಹೆಣ್ಣುಮಕ್ಕಳಲ್ಲಿ ಇದು ತಪ್ಪಿಹೋಗುವುದು ಹೆಚ್ಚು. ಆಸಕ್ತಿ ಗೊಂಬೆ, ಕಥೆಪುಸ್ತಕ, ಪ್ರಾಣಿಗಳ ಸುತ್ತ ಇದ್ದರೆ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಗೆಳತಿಯರ ನಗು, ನಿಲುವು, ಮಾತಿನ ಧಾಟಿ ನೋಡಿ ನಕಲು ಮಾಡಿ ದಿನ ದೂಡುತ್ತಾರೆ. ಶಾಲೆಯಲ್ಲಿ ಬಂಗಾರದಂಥ ಹುಡುಗಿ, ಮನೆ ಬಾಗಿಲು ದಾಟಿದ ಕೂಡಲೇ ಸ್ಫೋಟ. 'ಇಲ್ಲಿ ಸರಿಯಾಗೇ ಇದ್ದಾಳೆ, ತಪ್ಪು ಮನೆಯದ್ದು' ಎಂದು ಶಾಲೆ ಹೇಳಿದರೆ ಈ ಸಾಧ್ಯತೆ ನೆನಪಿಸಿಕೊಳ್ಳಿ. ಶಾಲೆಯಿಂದ ಬಂದ ಮೇಲಿನ ಮೊದಲ ಅರ್ಧ ಗಂಟೆ ಪ್ರಶ್ನೆ, ಹೋಂವರ್ಕ್ ಎರಡೂ ಬೇಡ.

ಆಟಿಸಂನ ಮೂಲ ಲಕ್ಷಣಗಳಿಗೆ ಔಷಧವಿಲ್ಲ. ಜೊತೆಗೆ ಬರುವ ಆತಂಕ, ಗಮನ ನಿಲ್ಲದ ಚಡಪಡಿಕೆಯ ತೊಂದರೆಯಾದ ಎಡಿಎಚ್‌ಡಿ, ನಿದ್ರಾಹೀನತೆಗೆ ಇದೆ, ಅದು ವೈದ್ಯರ ಕೆಲಸ. 'ಪೂರ್ತಿ ವಾಸಿ' ಎನ್ನುವ ಯಾವುದರ ಹತ್ತಿರವೂ ಸುಳಿಯಬೇಡಿ.

ಮಗುವಿಗೆ ಹೇಳುವುದು ಯಾವಾಗ?

ಮಗು 'ನಾನ್ಯಾಕೆ ಬೇರೆ ಥರ?' ಎಂದು ಕೇಳುವ ಹೊತ್ತಿಗಿಂತ ತಡವಾಗಬಾರದು. ಅಷ್ಟರೊಳಗೆ ಉತ್ತರ ಸಿಗದಿದ್ದರೆ 'ನಾನು ಕೆಟ್ಟವನು' ಅಥವಾ 'ನಾನು ದಡ್ಡಿ' ಎಂದು ಅದೇ ಒಂದು ಉತ್ತರ ಮಾಡಿಕೊಂಡಿರುತ್ತದೆ. ಮೆಲ್ಟ್‌ಡೌನ್ ಆದ ದಿನ ಹೇಳಬೇಡಿ, ಅದು ತೀರ್ಪಿನಂತೆ ಕೇಳಿಸುತ್ತದೆ. ಒಂದು ಹಾಳೆಯನ್ನು ಎರಡು ಭಾಗ ಮಾಡಿ ಮಗುವಿಗೆ ಸುಲಭವಾದದ್ದು ಒಂದು ಕಡೆ, ಕಷ್ಟವಾದದ್ದು ಇನ್ನೊಂದು ಕಡೆ ಬರೆಯಿರಿ. ಪಕ್ಕದಲ್ಲೇ ಇನ್ನೊಂದು ಹಾಳೆಯಲ್ಲಿ ನಿಮ್ಮದೂ ಇರಲಿ. ಹೀಗೆ ಕೆಲಸ ಮಾಡುವ ಮೆದುಳಿಗೆ ಒಂದು ಹೆಸರಿದೆ ಎಂಬುದು ಆಮೇಲೆ ಬರಲಿ. ಅವತ್ತು ಮಗು 'ಸರಿ' ಎಂದು ಎದ್ದು ಹೋಗಬಹುದು. ಪ್ರಶ್ನೆ ಮೂರು ವಾರ ಬಿಟ್ಟು, ಹಲ್ಲುಜ್ಜುತ್ತಿರುವಾಗ ಬರುತ್ತದೆ.