ಜಂತಿನ ಔಷಧಿ ಕುಡಿಸಿದರೂ ಕುರಿ ಯಾಕೆ ಮೈ ಹತ್ತುತ್ತಿಲ್ಲ?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕು, ಕೆಂಗುರಿ ಹಿಂಡು. ಈ ಮಳೆಗಾಲದಲ್ಲಿ ಎರಡು ಸಲ ಜಂತಿನ ಔಷಧಿ ಕುಡಿಸಿದ್ದೇವೆ. ಆದರೂ ಈದ ಕುರಿಗಳು ಸೊರಗುತ್ತಿವೆ, ಗದ್ದಬಾವು ಬರುತ್ತಿದೆ. ಏನು ಮಾಡಬೇಕು?

ಉತ್ತರ: ಔಷಧಿ ಹುಳ ಕೊಲ್ಲುತ್ತದೆ, ಹೋದ ರಕ್ತ ತಂದುಕೊಡುವುದಿಲ್ಲ. ಅದು ಮೇವಿನಿಂದಲೇ ಆಗಬೇಕು, ಅದರಲ್ಲೂ ಪ್ರೋಟೀನಿನಿಂದ.

ಕಾಲುವೆ ದಂಡೆಯ ಹಸಿ ಹುಲ್ಲಿನ ಜೊತೆ ಒಳಸೇರುವ ಹೀಮಾಂಕಸ್ ಹುಳ ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಕಚ್ಚಿಕೊಂಡು ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಹೀರುತ್ತದೆ. ಸಾವಿರ ಹುಳ ಇದ್ದರೆ 50 ಮಿ.ಲೀ. ಆಯಿತು. 30 ಕೆ.ಜಿ. ಕುರಿಯ ಮೈಯಲ್ಲಿ ಇರುವ ರಕ್ತವೇ 2 ಲೀಟರ್ ಆಸುಪಾಸು! ರಕ್ತದಲ್ಲಿ ನೀರು ಹಿಡಿದಿಡುವುದು ಅಲ್ಬುಮಿನ್ ಎಂಬ ಪ್ರೋಟೀನ್. ಅದು ಇಳಿದರೆ ನೀರು ಸೋರಿ, ತಲೆ ತಗ್ಗಿಸಿ ಮೇಯುವ ಕುರಿಯ ಗದ್ದದ ಕೆಳಗೆ ತುಂಬುತ್ತದೆ. ಬೆರಳಿಂದ ಒತ್ತಿ ನೋಡಿ, ಬಿದ್ದ ಕುಳಿ ತುಸು ಹೊತ್ತು ಹಾಗೇ ಉಳಿಯುತ್ತದೆ.

ಈದ ಕುರಿಗಳಿಗೇ ಹೆಚ್ಚು ಯಾಕೆಂದರೆ, ತಿಂದ ಪ್ರೋಟೀನ್ ಮೊದಲು ಹೊಟ್ಟೆಯ ಮರಿಗೆ, ಆಮೇಲೆ ಹಾಲಿಗೆ ಹೋಗುತ್ತದೆ. ಜಂತಿನ ವಿರುದ್ಧದ ರೋಗನಿರೋಧಕ ಶಕ್ತಿಗೆ ಸಿಗುವುದು ಉಳಿದದ್ದು ಮಾತ್ರ. ಈಯುವ ಎರಡು ವಾರ ಮೊದಲಿನಿಂದ ಈದ ಆರೆಂಟು ವಾರದ ತನಕ ಹಿಕ್ಕೆಯಲ್ಲಿ ಜಂತಿನ ಮೊಟ್ಟೆ ಏರುತ್ತದೆ. ಮರಿಗಳು ಮೇಯುವುದೂ ಅದೇ ಜಾಗದಲ್ಲಿ.

ಜೋಳದ ಸೊಪ್ಪೆಯಲ್ಲಿ ಪ್ರೋಟೀನ್ ಶೇ 3–4 ಅಷ್ಟೆ. ಮೇವು ಸರಿಯಾಗಿ ಅರಗಲೇ ಶೇ 7 ಬೇಕು. ಶೇಂಗಾ ಹಿಂಡಿಯಲ್ಲಿ ಶೇ 40ರ ಮೇಲಿದೆ. ಈಯುವ ಮೂರು ವಾರ ಮೊದಲೇ ಕುರಿಯೊಂದಕ್ಕೆ ದಿನಕ್ಕೆ 50 ಗ್ರಾಂ ಹಿಂಡಿಯಿಂದ ಶುರು ಮಾಡಿ, ವಾರದಲ್ಲಿ 150 ಗ್ರಾಂಗೆ ಏರಿಸಿ, ಈದ ಮೇಲೆ ಆರು ವಾರ ನಡೆಸಿ. ಒಂದೇ ದಿನ ಹೆಚ್ಚು ಹಾಕಿದರೆ ಹೊಟ್ಟೆ ಕೆಡುತ್ತದೆ. ಜೊತೆಗೆ 100 ಗ್ರಾಂ ಜೋಳದ ನುಚ್ಚು ಇರಲಿ, ಇಲ್ಲದಿದ್ದರೆ ದುಬಾರಿ ಪ್ರೋಟೀನೇ ಉರುವಲಾಗಿ ಕರಗುತ್ತದೆ. ಹಿಂಡಿ ಬೂಷ್ಟು ಹಿಡಿದಿದ್ದರೆ ಖಂಡಿತ ಬೇಡ: ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ, ಅಲ್ಬುಮಿನ್ ತಯಾರಾಗುವುದು ಅಲ್ಲಿಯೇ. ಹಿಂಡಿ ಕೊಳ್ಳಲು ಆಗದವರು ಶೇಂಗಾ ಬಳ್ಳಿ, ಸುಬಾಬುಲ್ ಸೊಪ್ಪು ಹಾಕಬಹುದು; ಸುಬಾಬುಲ್ ಮೇವಿನ ಮೂರನೇ ಒಂದು ಪಾಲು ದಾಟಬಾರದು.

ಹತ್ತು ದಿನಕ್ಕೊಮ್ಮೆ ಕುರಿಯ ಕಣ್ಣಿನ ಕೆಳರೆಪ್ಪೆ ಬಿಡಿಸಿ ಒಳಬಣ್ಣ ನೋಡಿ. ರಕ್ತ ಕಡಿಮೆಯಾಗಿ ಬಿಳಿಚಿದ್ದು ಮೆಲ್ಲಗೆ ಗುಲಾಬಿಗೆ, ಆಮೇಲೆ ಕೆಂಪಿಗೆ ತಿರುಗಬೇಕು. ತಿರುಗದಿದ್ದರೆ, ಔಷಧಿ ಕುಡಿಸಿದ ಎರಡು ವಾರಕ್ಕೆ ಹಿಕ್ಕೆ ತೆಗೆದುಕೊಂಡು ಪಶು ಆಸ್ಪತ್ರೆಗೆ ಹೋಗಿ ಮೊಟ್ಟೆ ಎಣಿಸಿ. ಆಗಲೂ ಮೊಟ್ಟೆ ತುಂಬ ಕಂಡರೆ ಔಷಧಿಯ ಅಳತೆ ಕಡಿಮೆಯಾಗಿರಬೇಕು, ಇಲ್ಲವೇ ಆ ಔಷಧಿಗೆ ನಿಮ್ಮ ಹಿಂಡಿನ ಹುಳ ಬಗ್ಗುತ್ತಿಲ್ಲ.