ಆಪರೇಷನ್‌ಗೆ ಮುಂಚೆ ಪುಟ್ಟ ನಾಯಿಯ ಲಿವರ್ ರಿಪೋರ್ಟ್: ಎಲ್ಲಿಂದ ಓದಬೇಕು?

ತುಮಕೂರಿನಲ್ಲಿ ಪಶುವೈದ್ಯಕೀಯ ಇಂಟರ್ನ್‌ಶಿಪ್ ಮಾಡುವಾಗ ಬರೆದಿಟ್ಟುಕೊಂಡ ಟಿಪ್ಪಣಿ ಇದು. ಒಂದೇ ತಿಂಗಳಲ್ಲಿ ಎರಡು ನಾಯಿಗಳ ರಿಪೋರ್ಟ್ ನೋಡಿದೆ, ಎರಡನ್ನೂ ತಲೆಕೆಳಗಾಗಿ ಓದಿದೆ. ನೀವು ಹಾಗೆ ಓದಬಾರದು ಅಂತ ಬರೆಯುತ್ತಿದ್ದೇನೆ.

ಮೊದಲನೆಯದು ಒಬ್ಬ ಅಜ್ಜಿ ತಂದಿದ್ದ ಒಂಬತ್ತು ವರ್ಷದ ಪಾಮರೇನಿಯನ್ ಹೆಣ್ಣು, ತೂಕ 4.2 ಕೆಜಿ. ಹಿಂದಿನ ಮೊಲೆಯ ಹತ್ತಿರ ನೆಲ್ಲಿಕಾಯಿ ಗಾತ್ರದ ಗಂಟು. ಅದನ್ನು ತೆಗೆಯಬೇಕಿತ್ತು. ರಿಪೋರ್ಟ್‌ನಲ್ಲಿ ಎಎಲ್‌ಪಿ ಎಂಬ ಕಿಣ್ವ 640. ನಾಯಿಗೆ ಸುಮಾರು 150ರ ಒಳಗಿರಬೇಕು. ಎಎಲ್‌ಟಿ 112, ಅದೂ ಸ್ವಲ್ಪ ಜಾಸ್ತಿ. "ಮೇಡಂ, ಲಿವರ್ ಹೋಗಿದೆ, ಅರಿವಳಿಕೆ ಕೊಡೋಕಾಗಲ್ಲ" ಅಂದೆ. ನಮ್ಮ ಹಿರಿಯ ವೈದ್ಯೆಯಾದ ಮೇಡಂ ಕಾಗದ ಮಡಚಿಟ್ಟು, "ಮೊದಲು ಅಜ್ಜಿ ಹತ್ರ ಕೂತು ಮಾತಾಡು" ಅಂದರು.

ಈ ಸಂಖ್ಯೆಗಳು ಏನು ಹೇಳುತ್ತವೆ ನೋಡಿ. ಎಎಲ್‌ಟಿ ಲಿವರ್ ಜೀವಕೋಶದ ಒಳಗಿರುವ ಕಿಣ್ವ. ಕೋಶಕ್ಕೆ ಏಟು ಬಿದ್ದರೆ, ಬಿರುಕು ಬಿಟ್ಟ ಕೊಡದಿಂದ ನೀರು ಸೋರಿದಂತೆ ಅದು ರಕ್ತಕ್ಕೆ ಸೋರುತ್ತದೆ. ಎಎಲ್‌ಪಿ ಹೆಚ್ಚುವುದು ಮುಖ್ಯವಾಗಿ ಪಿತ್ತ ಸರಾಗವಾಗಿ ಹರಿಯದಿದ್ದಾಗ. ಬೆಳೆಯುವ ಮರಿಗಳಲ್ಲಿ ಮೂಳೆಯಿಂದಲೂ ಬರುತ್ತದೆ. ನಾಯಿಗಳಿಗೆ ಮಾತ್ರ ಇರುವ ಇನ್ನೊಂದು ಬಗೆ ಇದೆ, ಸ್ಟೀರಾಯ್ಡ್ ತಗೊಂಡರೆ ಏರುವ ಎಎಲ್‌ಪಿ. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟಾಲ್ ಕೂಡ ಎಎಲ್‌ಪಿಯನ್ನು ಏರಿಸುತ್ತದೆ. ಸೋರಿಕೆ ಎಷ್ಟಿದೆ ಅಂತ ಗೊತ್ತಾದ ಮಾತ್ರಕ್ಕೆ ಲಿವರ್ ಕೆಲಸ ನಿಲ್ಲಿಸಿದೆ ಅಂತಲ್ಲ. ಇನ್ನೊಂದು ಕಡೆ, ಬಹುಪಾಲು ಕೋಶಗಳು ಸತ್ತು ನಾರಾದ ಲಿವರ್‌ನಲ್ಲಿ ಸೋರಲು ಹೆಚ್ಚೇನೂ ಉಳಿದಿರಲ್ಲ. ಅಲ್ಲಿ ಎಎಲ್‌ಟಿ ನಾರ್ಮಲ್ ಅಂತಲೇ ಬರಬಹುದು.

ಅಜ್ಜಿ ಹತ್ತಿರ ಕೂತೆ. "ಕೆರೆತ ಅಂತ ಮೆಡಿಕಲ್ ಶಾಪಲ್ಲಿ ಒಂದು ಮಾತ್ರೆ ಕೊಟ್ಟಿದ್ರು ಮಗಾ. ನಾಕು ತಿಂಗಳಿಂದ ಹಾಕ್ತಿದೀನಿ. ಒಳ್ಳೇದಾಯ್ತು, ಆದ್ರೆ ನೀರು ಬಾಳ ಕುಡೀತಾಳೆ." ಚೀಲದಿಂದ ತೆಗೆದ ಪಟ್ಟಿಯಲ್ಲಿ ಎರಡೇ ಮಾತ್ರೆ ಉಳಿದಿದ್ದವು. ಪ್ರೆಡ್ನಿಸೋಲೋನ್, ಅಂದರೆ ಸ್ಟೀರಾಯ್ಡ್. 640ಕ್ಕೆ ಉತ್ತರ ಆ ಪಟ್ಟಿಯಲ್ಲಿತ್ತು. ಕಿವಿಗೆ, ಕಣ್ಣಿಗೆ ಹಾಕುವ ಸ್ಟೀರಾಯ್ಡ್ ಹನಿಯಿಂದಲೂ ಹೀಗಾಗಬಹುದು. ಅದಕ್ಕೇ "ಏನಾದ್ರೂ ಔಷಧಿ ಕೊಡ್ತಿದೀರಾ?" ಅಂತ ಕೇಳಿದರೆ ಸಾಲದು. ಮುಲಾಮು, ಹನಿ, ಮನೆಯಲ್ಲಿ ಮನುಷ್ಯರಿಗೆ ತಂದ ಮಾತ್ರೆ, ಹೀಗೆ ಒಂದೊಂದಾಗಿ ಹೆಸರು ಹೇಳಿ ಕೇಳಬೇಕು.

ಇಲ್ಲೊಂದು ಎಚ್ಚರ. ಸ್ಟೀರಾಯ್ಡ್ ಅಂತ ಗೊತ್ತಾದ ಕೂಡಲೇ ನಿಲ್ಲಿಸಬಾರದು. ತಿಂಗಳುಗಟ್ಟಲೆ ಹೊರಗಿನಿಂದ ಸಿಕ್ಕಿದ್ದರಿಂದ ದೇಹ ತನ್ನದನ್ನು ತಯಾರಿಸುವುದು ಬಿಟ್ಟಿರುತ್ತದೆ. ಆಪರೇಷನ್ನಿನ ಒತ್ತಡ ತಡೆಯಲು ಅದೇ ಬೇಕು. ಹಾಗಾಗಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಹಾಗಾದರೆ ಲಿವರ್ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅದು ತಯಾರಿಸುವ ಸರಕನ್ನು ನೋಡಬೇಕು. ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್, ಯೂರಿಯಾ, ಗ್ಲೂಕೋಸ್, ಕೊಲೆಸ್ಟ್ರಾಲ್, ರಕ್ತ ಹೆಪ್ಪುಗಟ್ಟಿಸುವ ಅಂಶಗಳು, ಇವೆಲ್ಲ ಲಿವರ್ ಕೈಯಲ್ಲಿವೆ. ಜೊತೆಗೆ ಅದು ಹೊರಹಾಕಬೇಕಾದ ಹಳದಿ ವಸ್ತು ಬಿಲಿರುಬಿನ್. ಪಾಮರೇನಿಯನ್‌ಗೆ ಇವೆಲ್ಲ ಸರಿಯಾಗಿದ್ದವು. ಹೊಟ್ಟೆ ಸ್ಕ್ಯಾನ್‌ನಲ್ಲಿ ಪಿತ್ತಕೋಶವೂ ಚೆನ್ನಾಗಿತ್ತು.

ಎರಡನೆಯದು ಹತ್ತು ತಿಂಗಳ ಶಿಟ್ಸು ಮರಿ, 2.6 ಕೆಜಿ. ಮಕ್ಕಳಾಗದ ಆಪರೇಷನ್‌ಗೆ ತಂದಿದ್ದರು. ಎಎಲ್‌ಟಿ 88, ಎಎಲ್‌ಪಿಯೂ ಮಿತಿಯೊಳಗೆ. ನಾನು ಖುಷಿಯಾಗಿ ಟಿಕ್ ಹಾಕಿದೆ. ಮೇಡಂ ಬೆರಳಿಟ್ಟಿದ್ದು ಕೆಳಗಿನ ಸಾಲುಗಳ ಮೇಲೆ: ಯೂರಿಯಾ 11, ಆಲ್ಬುಮಿನ್ 2.0, ಗ್ಲೂಕೋಸ್ 62. ಮೂರೂ ಕಡಿಮೆ. ಮರಿ ವಯಸ್ಸಿಗೆ ತಕ್ಕಂತೆ ಬೆಳೆದೂ ಇರಲಿಲ್ಲ. ಮನೆಯವರನ್ನು ಕೇಳಿದಾಗ, "ಚಿಕನ್ ತಿಂದ ಮೇಲೆ ಒಂದೊಂದ್ಸಲ ಗೋಡೆಗೆ ತಲೆ ಒತ್ಕೊಂಡು ನಿಂತ್ಬಿಡುತ್ತೆ" ಅಂದರು.

ಇದು ಶಂಟ್. ಕರುಳಿನ ರಕ್ತ ಮೊದಲು ಲಿವರ್‌ಗೆ ಹೋಗಬೇಕು. ಕಾಲುವೆ ಒಡೆದು ಕೆರೆಗೆ ಬರಬೇಕಾದ ನೀರು ಬೇರೆ ಕಡೆ ಹರಿದಂತೆ, ಇಲ್ಲಿ ಒಂದು ಹೆಚ್ಚುವರಿ ರಕ್ತನಾಳ ಅದನ್ನು ದಾರಿ ತಪ್ಪಿಸುತ್ತದೆ. ಲಿವರ್ ಬೆಳೆಯಲ್ಲ. ಅಮೋನಿಯಾ ಯೂರಿಯಾ ಆಗದೆ ಮಿದುಳಿಗೆ ಹೋಗುತ್ತದೆ. ಮಾಲ್ಟೀಸ್, ಯಾರ್ಕ್‌ಶೈರ್ ಟೆರಿಯರ್, ಪಗ್, ಶಿಟ್ಸುಗಳಂಥ ಪುಟ್ಟ ತಳಿಗಳಲ್ಲಿ ಹುಟ್ಟಿನಿಂದಲೇ ಬರುವುದುಂಟು. ಅನುಮಾನ ಗಟ್ಟಿ ಮಾಡಿಕೊಳ್ಳಲು ಪಿತ್ತದ ಆಮ್ಲ ಅಳೆಯುವ ಬೈಲ್ ಆಸಿಡ್ ಪರೀಕ್ಷೆ: ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಊಟವಾಗಿ ಎರಡು ಗಂಟೆಗೆ ಇನ್ನೊಮ್ಮೆ. ಊಟದ ನಂತರ ಸುಮಾರು 25ರ ಒಳಗಿರಬೇಕಾದದ್ದು ಈ ಮರಿಗೆ 130 ಬಂತು. ಸ್ಯಾಂಪಲ್ ಬೆಂಗಳೂರಿಗೆ ಹೋಗಿ ಬರುವವರೆಗೆ ಆಪರೇಷನ್ ಮುಂದೂಡಿದ್ದೆವು. ಸ್ಕ್ಯಾನ್ ಮತ್ತು ಮುಂದಿನ ಚಿಕಿತ್ಸೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕಳಿಸಿದೆವು. ನನ್ನ ಟಿಕ್ ನಂಬಿ ಅವತ್ತೇ ಅರಿವಳಿಕೆ ಕೊಟ್ಟಿದ್ದರೆ ಆ ಮರಿ ಏಳುತ್ತಿತ್ತೋ ಇಲ್ಲವೋ. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಲ್ಯಾಬ್ ವಿಷಯಕ್ಕೆ ಬರೋಣ. ನಮ್ಮ ಊರುಗಳಲ್ಲಿ ಎಷ್ಟೋ ಸಲ ನಾಯಿಯ ರಕ್ತ ಮನುಷ್ಯರ ಲ್ಯಾಬ್‌ಗೆ ಹೋಗುತ್ತದೆ. ಪಕ್ಕದಲ್ಲಿ ಅಚ್ಚಾಗಿರುವ ನಾರ್ಮಲ್ ಮಿತಿ ಮನುಷ್ಯರದ್ದು! ಎಎಲ್‌ಟಿ ಅಲ್ಲಿ ಎಸ್‌ಜಿಪಿಟಿ ಅಂತ ಇರುತ್ತದೆ. 70 ಬಂದರೆ ಜಾಸ್ತಿ ಅಂತ ಗುರುತು ಹಾಕಿರುತ್ತಾರೆ, ನಾಯಿಗೆ ಅದು ಮಾಮೂಲು. ಆಲ್ಬುಮಿನ್ 3.0 ಇದ್ದರೆ ಕಡಿಮೆ ಅನ್ನುತ್ತದೆ, ನಾಯಿಗೆ ಅದು ಸಾಕು. ನಿಜವಾಗಿ ಅಪಾಯ ಇರುವುದು ಬಿಲಿರುಬಿನ್‌ನಲ್ಲಿ. 1.0 ಮನುಷ್ಯರಿಗೆ ನಾರ್ಮಲ್, ನಾಯಿಗೆ ಜಾಸ್ತಿ. ಯಾವ ಗುರುತೂ ಇರಲ್ಲ, ಕಣ್ಣು ತಪ್ಪಿ ಹೋಗುತ್ತದೆ. ನಮ್ಮ ಪುಸ್ತಕಗಳಲ್ಲಿ ಬಿಯುಎನ್ (ಯೂರಿಯಾದಲ್ಲಿರುವ ನೈಟ್ರೋಜನ್ನಿನ ಅಳತೆ) ಇರುತ್ತದೆ, ಲ್ಯಾಬ್‌ನವರು ಯೂರಿಯಾ ಬರೆಯುತ್ತಾರೆ. ಯೂರಿಯಾವನ್ನು 2.14ರಿಂದ ಭಾಗಿಸಿ. ಶಿಟ್ಸುವಿನ 11 ಅಂದರೆ ಬಿಯುಎನ್ ಸುಮಾರು 5.

ಟ್ಯೂಬನ್ನೂ ಬೆಳಕಿಗೆ ಹಿಡಿದು ನೋಡಿ. ಸಣ್ಣ ನಾಯಿಯ ತೆಳು ರಕ್ತನಾಳದಿಂದ ಸಿರಿಂಜ್ ಜೋರಾಗಿ ಎಳೆದರೆ ರಕ್ತಕಣ ಒಡೆದು ಸೀರಮ್, ಅಂದರೆ ಮೇಲೆ ನಿಲ್ಲುವ ತಿಳಿ ದ್ರವ, ಕೆಂಪಾಗುತ್ತದೆ. ಊಟ ಮಾಡಿ ಬಂದಿದ್ದರೆ ಹಾಲಿನಂತಿರುತ್ತದೆ. ಎರಡರಲ್ಲೂ ಸಂಖ್ಯೆಗಳನ್ನು ನಂಬೋಕಾಗಲ್ಲ. ಸೀರಮ್ ಅರಿಶಿನದ ಬಣ್ಣ ಇದ್ದರೆ ಕಾಮಾಲೆ. ಆಗ ಇಲಿಜ್ವರವೂ ತಲೆಯಲ್ಲಿರಲಿ. ಅದು ನಮಗೂ ಅಂಟುತ್ತದೆ, ಗ್ಲೌಸ್ ಬಿಡಬೇಡಿ.

ನಮ್ಮ ಕಡೆ ಮರೆಯಬಾರದ ಕಾರಣಗಳು ಇನ್ನೆರಡಿವೆ. ಒಂದು ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಉಣ್ಣೆ ಜ್ವರ. ಲಿವರ್ ಕಿಣ್ವ ಏರಿ ಪ್ಲೇಟ್‌ಲೆಟ್ ಇಳಿದಿದ್ದರೆ ಮೊದಲು ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹುಡುಕಿ. ಇನ್ನೊಂದು ಬೂಷ್ಟು ಹಿಡಿದ ಕಡ್ಲೆಕಾಯಿ. ಪಾವಗಡ, ಶಿರಾ, ಮಧುಗಿರಿ ಕಡೆ ಮನೆಯಲ್ಲಿ ಉಳಿದ ಕಡ್ಲೆಬೀಜ, ಹಿಂಡಿ ನಾಯಿಯ ತಟ್ಟೆಗೂ ಬೀಳುತ್ತದೆ. ಅದರಲ್ಲಿನ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಲಿವರನ್ನು ನೇರವಾಗಿ ಕೊಲ್ಲುತ್ತದೆ.

ಅರಿವಳಿಕೆ ಬಗ್ಗೆ ಚುಟುಕಾಗಿ. ಆಲ್ಬುಮಿನ್ ಕಡಿಮೆಯಿದ್ದರೆ ಅದಕ್ಕೆ ಅಂಟಿಕೊಳ್ಳಬೇಕಾದ ಔಷಧಿ ಬಿಡಿಯಾಗಿ ಉಳಿದು, ಅದೇ ಡೋಸ್ ಜೋರಾಗಿ ಹಿಡಿಯುತ್ತದೆ. ಲಿವರ್ ಸೋತ ನಾಯಿಗೆ ಎಸಿಪ್ರೊಮಜಿನ್ ಎಂಬ ಮಂಪರಿನ ಔಷಧಿ ಬೇಡ. ಪ್ರೊಪೊಫಾಲ್ ಇಂಜೆಕ್ಷನ್ ನಿಧಾನವಾಗಿ ಕೊಟ್ಟು, ಉಸಿರಿನಲ್ಲಿ ಕೊಡುವ ಐಸೊಫ್ಲೂರೇನ್‌ನಲ್ಲಿ ಮುಂದುವರಿಸುವುದು ಮೇಲು, ಐಸೊಫ್ಲೂರೇನ್ ಹೆಚ್ಚಾಗಿ ಉಸಿರಿನಲ್ಲೇ ಹೊರಹೋಗುತ್ತದೆ. ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮೊದಲೇ ಮಾಡಿಸಿ. ಪುಟ್ಟ ಮೈ ಬೇಗ ತಣ್ಣಗಾಗುತ್ತದೆ, ಸಕ್ಕರೆ ಬೇಗ ಇಳಿಯುತ್ತದೆ. ಹಿಂದಿನ ರಾತ್ರಿಯಿಂದ ಸುಮ್ನೆ ಉಪವಾಸ ಕೆಡವಬೇಡಿ.

ಪಾಮರೇನಿಯನ್‌ಗೆ ನಾಲ್ಕು ವಾರ ಮಾತ್ರೆ ಇಳಿಸುತ್ತಾ ಬಂದೆವು. ಆಪರೇಷನ್ ದಿನ ಎಎಲ್‌ಪಿ ಇನ್ನೂ 290 ಇತ್ತು. ಸ್ಟೀರಾಯ್ಡ್‌ನಿಂದ ಏರಿದ್ದು ಇಳಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಗಂಟು ಅಷ್ಟು ದಿನ ಕಾಯಲ್ಲ ಅಲ್ವಾ? ಮೇಡಂ ಆಪರೇಷನ್ ಮಾಡಿದರು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು, ಗಳಿಗೆಗೊಮ್ಮೆ ಸಕ್ಕರೆ ನೋಡುತ್ತಾ ನಾನು ಕೂತಿದ್ದೆ. ಮುಕ್ಕಾಲು ಗಂಟೆಗೆ ತಲೆ ಎತ್ತಿ ಅಜ್ಜಿಯ ದನಿ ಬಂದ ಕಡೆ ಕಿವಿ ತಿರುಗಿಸಿತು.